ಬೀಗವಿಲ್ಲದ ಪಟ್ಟಿ

"ನನ್ ಎಸ್ರು ಅಳಿಸ್ಬುಡಪ್ಪ," ಅಂದಳು ಮರಮ್ಮ, ಚಪ್ಪಲಿಯನ್ನು ಬಾಗಿಲಾಚೆ ಬಿಡುತ್ತಾ.

ಗೌರೀಶ ಹಳೆಯ ಕಂಪ್ಯೂಟರೊಂದರ ಹೊಟ್ಟೆ ಬಿಚ್ಚಿಕೊಂಡು ಬ್ರಷ್ಷಿನಿಂದ ಧೂಳು ತೆಗೆಯುತ್ತಿದ್ದ. ರಾವಂದೂರಿನ ಬಸ್ ನಿಲ್ದಾಣದ ಎದುರು, ಗೊಬ್ಬರದ ಅಂಗಡಿಗೂ ಕಟಿಂಗ್ ಶಾಪಿಗೂ ನಡುವೆ ಸಿಕ್ಕಿಕೊಂಡಂತಿದ್ದ ಅಂಗಡಿ ಅವನದು. ಪಹಣಿ, ಜಾತಿ ಸರ್ಟಿಫಿಕೇಟು, ಪರೀಕ್ಷೆಯ ಅರ್ಜಿ, ಲಗ್ನಪತ್ರಿಕೆ, ತಿಥಿ ಕಾರ್ಡು, ಎಲ್ಲವೂ ಅಲ್ಲೇ ಆಗಬೇಕು. ಬೆಳಗಿನ ಎಂಟೂವರೆ, ಇನ್ನೂ ಗಿರಾಕಿಗಳು ಬಂದಿರಲಿಲ್ಲ. ಬಾಗಿಲಿಗೆ ನೀರು ಹಾಕಿ ಒಳಗೆ ಬಂದ ಅವನ ಹೆಂಡತಿ ಪುಷ್ಪಾ, ಮರಮ್ಮನ ಮುಖ ನೋಡಿದವಳೇ ಸ್ಟೂಲು ಎಳೆದುಕೊಟ್ಟಳು. ಮರಮ್ಮ ಕೂರಲಿಲ್ಲ.

"ಯಾವುದ್ರಿಂದ ಮರಮ್ಮ? ರೇಷನ್ ಕಾರ್ಡಿಂದಾನಾ?" ಅಂದ ಗೌರೀಶ.

"ಅದ್ರಿಂದ ಅಳಿಸ್ಕಂಡು ಮಣ್ ತಿನ್ಲಾ? ನಿನ್ ಕಂಪ್ಯೂಟ್ರಿಂದ ಕಣಪ್ಪ. ಅವತ್ತು ನಮ್ ಜಗಲಿ ಮ್ಯಾಲೆ ಕುಂತ್ಕಂಡು ಬರ್ಕಂಡಲ್ಲ, ಎಣ್ಣೆ ಡಬ್ಬದ್ ಸಮಾಚಾರ."

"ಯಾರಾದ್ರೂ ಏನಾದ್ರೂ ಅಂದ್ರಾ?"

"ನೆನ್ನೆ ಮಧ್ಯಾನ ಚೇತನ್ಕುಮಾರಪ್ಪ ಇಸ್ಕೂಲ್ ತಾವ್ಕೆ ಬಂದಿದ್ರು. 'ಏನ್ ಮರಮ್ಮ, ನಿಂಗೆ ಓದು ಬರಹ ಬರಾಕಿಲ್ಲ ಅಂದ್ಕಂಡಿದ್ದೆ, ಪರವಾಗಿಲ್ಲ, ಬಾಳ ಚೆಂದಾಗಿ ಬರೆಸ್ತೀಯ' ಅಂದ್ರು. ನಕ್ಕಂಡೇ ಅಂದ್ರು. ಆಮೇಲೆ ಒಲೆ ಮುಂದೆ ಕುಂತ್ರೆ ನಂಗೆ ಕೈಕಾಲೇ ಆಡ್ನಿಲ್ಲ."

ಗೌರೀಶ ಬ್ರಷ್ಷು ಕೆಳಗಿಟ್ಟು ಮೂಲೆಯ ಕಂಪ್ಯೂಟರಿನ ಮುಂದೆ ಹೋಗಿ ಕುಳಿತ. 'ಊರ ಮಾತು' ಎಂಬ ಆ ದೊಡ್ಡ ಪಟ್ಟಿಯನ್ನು ತೆರೆದು ಮರಮ್ಮನ ಸಾಲು ಹುಡುಕಿದ. ಮರಮ್ಮ, ಗೊಬ್ಬಳಿಕೊಪ್ಪಲು, ಶಾಲೆಯ ಬಿಸಿಯೂಟದ ಅಡುಗೆಯವರು. ಶಾಲೆಗೆ ಬರುವ ಎಣ್ಣೆ ಡಬ್ಬ, ತೊಗರಿಬೇಳೆ ತಿಂಗಳು ತಿಂಗಳೂ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷ ಚೇತನ್ಕುಮಾರ್ ಮನೆಗೆ ಹೋಗುತ್ತದೆ. ಬೈಕಿನ ಮುಂದೆ ಇಟ್ಟುಕೊಂಡು ಹೋಗುತ್ತಾರೆ. ಮಕ್ಕಳ ಸಾರಿಗೆ ನೀರು ಬೆರೆಸುವವಳು ನಾನು, ಪಾಪ ನನಗೇ ಸುತ್ತಿಕೊಳ್ಳುತ್ತದೆ. ಕೊನೆಯ ಮಾತನ್ನು ಅವನು ತಿದ್ದದೆ, ಅವಳು ಹೇಳಿದ ಹಾಗೆಯೇ ಬಿಟ್ಟಿದ್ದ.

ಸಾಲನ್ನು ಆರಿಸಿ ಅಳಿಸಿದ. ಅವನ ಹಿಂದೆ ನಿಂತು ನೋಡುತ್ತಿದ್ದ ಮರಮ್ಮ ಕೇಳಿದಳು, "ಓಯ್ತಾ?"

"ಹೋಯ್ತು."

"ಎಲ್ಲಾ ಕಡೆಯಿಂದ್ಲೂವಾ?"

ಗೌರೀಶ ಕುರ್ಚಿ ತಿರುಗಿಸಿ, "ಇವತ್ತೇ ಎಲ್ಲಾ ಕಡೆಯಿಂದ ತೆಗೀತೀನಿ. ನೀವು ಹೋಗಿ, ಹೆದರಬೇಡಿ," ಅಂದ. ಆಕೆಗೆ ನೀವು ಎನ್ನುತ್ತಿದ್ದ ಗಂಡಸು ಸುತ್ತಿನಲ್ಲಿ ಅವನೊಬ್ಬನೇ ಇರಬೇಕು. ಅದಕ್ಕೇ ಆಕೆ ಅವನನ್ನು ನಂಬಿದ್ದಳು. ಇನ್ನೂ ನಂಬಿಕೊಂಡೇ ಚಪ್ಪಲಿ ಮೆಟ್ಟಿ ಒಂಬತ್ತರ ಬಸ್ಸಿಗೆ ಓಡಿದಳು, ಹತ್ತಕ್ಕೆಲ್ಲ ಒಲೆ ಹಚ್ಚಬೇಕಿತ್ತು.

ಗೌರೀಶನಿಗೆ ಎರಡು ಹುಚ್ಚು. ಒಂದು ಲಿನಕ್ಸಿನದು, ಇನ್ನೊಂದು ಹೊಸಸಾಲು ಪಕ್ಷದ್ದು. ಊರವರ ಲೆಕ್ಕದಲ್ಲಿ ಎರಡು, ಅವನಿಗೆ ಮಾತ್ರ ಅವು ಒಂದೇ. ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ ಯಾರದೋ ಒಬ್ಬ ದೊಡ್ಡ ಯಜಮಾನನ ಕೈಯಲ್ಲಿ ಯಾಕಿರಬೇಕು? ಅವನು ಮೊನ್ನೆ ಅಕ್ಟೋಬರಿನಲ್ಲಿ ಹಳೆಯ ವಿಂಡೋಸಿಗೆ ಇನ್ನು ಅಪ್‌ಡೇಟ್ ಇಲ್ಲ ಅಂದರೆ, ಚೆನ್ನಾಗಿ ಓಡುತ್ತಿರುವ ಮಷೀನನ್ನು ಗುಜರಿಗೆ ಯಾಕೆ ಹಾಕಬೇಕು? ಲಿನಕ್ಸ್ ಎಲ್ಲರದು, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಪಕ್ಕದವರಿಗೆ ಕೊಡಬಹುದು. ಪಕ್ಷವೂ ಹಾಗಿರಬೇಕು. ಕುರ್ಚಿಯ ಮೇಲೆ ಕೂತವರನ್ನು ಬದಲಾಯಿಸಿ ಏನು ಬಂತು, ಕುರ್ಚಿಯ ಕೆಳಗೆ ಓಡುತ್ತಿರುವ ವ್ಯವಸ್ಥೆ ಬದಲಾಗಬೇಕು. ಈ ಮಾತನ್ನು ಅವನು ಹೇಳಿದಾಗ ಜನ ಆಕಳಿಸುತ್ತಿದ್ದರು. ಇದೇ ಮಾತನ್ನು ಪಕ್ಷದ ಅಧ್ಯಕ್ಷ, ಹುಣಸೂರಿನ ವಕೀಲ ಸೋಮಶೇಖರ್ ಮೈಕಿನಲ್ಲಿ ಹೇಳಿದಾಗ ಚಪ್ಪಾಳೆ ಬೀಳುತ್ತಿತ್ತು. ಗೌರೀಶನೂ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ. ಮಾತು ಯಾರದಾದರೇನು, ಎಲ್ಲರದು ತಾನೇ.

ನಾಲ್ಕು ವರ್ಷದ ಹಿಂದೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂದು ನಾಲ್ಕು ತಾಲ್ಲೂಕು ಸೇರಿಸಿ ಪಕ್ಷ ಶುರುವಾಗಿತ್ತು. ತಾಲ್ಲೂಕಿಗೊಂದರಂತೆ ನಾಲ್ಕು ಹಳೆಯ ಕಂಪ್ಯೂಟರುಗಳನ್ನು ಗೌರೀಶನೇ ಗುಜರಿಯಿಂದ ಆರಿಸಿ ತಂದು, ಲಿನಕ್ಸ್ ಹಾಕಿ, ಜೀವ ಬರಿಸಿದ್ದ. ಪಿರಿಯಾಪಟ್ಟಣದ್ದು ಅವನ ಅಂಗಡಿಯ ಮೂಲೆಯಲ್ಲೇ ಇತ್ತು. ಭಾನುವಾರ ಬಂದರೆ ಲ್ಯಾಪ್‌ಟಾಪು ಹೆಗಲಿಗೆ ಹಾಕಿಕೊಂಡು ಊರೂರು ಸುತ್ತಿ, ಜಗಲಿಯಲ್ಲೋ ಅರಳಿಕಟ್ಟೆಯಲ್ಲೋ ಕೂತು, ಜನ ಹೇಳಿದ ತಾಪತ್ರಯಗಳನ್ನು ಬರೆದುಕೊಳ್ಳುತ್ತಿದ್ದ. ಸರ್ವೆಯವನು ಬಾಂದುಕಲ್ಲು ಸರಿಸಿದ್ದು, ಪಿಂಚಣಿಗೆ ಅಲೆಸಿದ್ದು, ಮಂಜೂರಾದ ಬೋರು ಮತ್ತೊಬ್ಬರ ಹೊಲದಲ್ಲಿ ಕೊರೆದದ್ದು. ಹೀಗೆ ಎರಡು ಸಾವಿರದ ನೂರಕ್ಕೂ ಮೀರಿ ಜನರ ಹೆಸರು, ಊರು, ಫೋನ್ ನಂಬರು, ದೂರು. ಚುನಾವಣೆ ಗೆದ್ದ ದಿನ ಈ ಪಟ್ಟಿಯನ್ನು ಮೇಜಿನ ಮೇಲಿಟ್ಟು ಒಂದೊಂದೇ ಸಾಲು ಅಳಿಸುತ್ತಾ ಹೋಗಬೇಕು ಎಂಬುದು ಅವನ ಆಸೆ. ಅಳಿಸುವ ದಿನಕ್ಕಾಗಿಯೇ ಅವನು ಬರೆದುಕೊಂಡಿದ್ದು.

"ಹೆಸರು ತೆಗೆದು ಬರೀ ದೂರು ಇಟ್ಕೊಳ್ರಿ," ಎಂದು ಪುಷ್ಪಾ ಆಗಲೇ ಹೇಳಿದ್ದಳು.

"ಹೆಸರಿಲ್ಲದ ದೂರು ಮೂಕರ್ಜಿ ಆಗುತ್ತೆ ಕಣೆ. ಮೂಕರ್ಜಿನ ಯಾವ ಆಫೀಸರ್ ಓದ್ತಾನೆ? ಹರಿದು ಬುಟ್ಟಿಗೆ ಹಾಕ್ತಾನೆ."

ಅದೇನೂ ಸುಳ್ಳಲ್ಲ. ತಾಲ್ಲೂಕು ಕಚೇರಿಯಲ್ಲಿ ಎಷ್ಟು ಮೂಕರ್ಜಿಗಳು ಹಾಗೆ ಹರಿದುಹೋದವೆಂದು ಅರ್ಜಿ ಟೈಪು ಮಾಡಿ ಹೊಟ್ಟೆ ಹೊರೆಯುವ ಅವನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಹಾಗಾದರೆ ಪಾಸ್‌ವರ್ಡಾದರೂ ಹಾಕಿ ಎಂದಿದ್ದಳು ಪುಷ್ಪಾ. ಅದಕ್ಕೂ ಅವನ ಬಳಿ ಉತ್ತರವಿತ್ತು. ಬೀಗದ ಕೈ ಯಾರ ಹತ್ತಿರ ಇರುತ್ತದೋ ಅವನೇ ನಾಳೆ ಪಕ್ಷದ ಯಜಮಾನನಾಗುತ್ತಾನೆ, ಅದು ನಾನೇ ಆದರೂ ತಪ್ಪೇ. ಹಾಗೆಂದು ನಾಲ್ಕೂ ಮಷೀನಿಗೆ ಪಟ್ಟಿಯ ಒಂದೊಂದು ಪ್ರತಿ ಹಾಕಿ, ಬೀಗವಿಲ್ಲದೆ ಬಿಟ್ಟಿದ್ದ. ಮರಮ್ಮ ಅವತ್ತು ಎಲ್ಲ ಹೇಳಿ ಮುಗಿಸಿದ ಮೇಲೆ ಅಂಗೈ ಚಾಚಿ, "ನನ್ ಎಸ್ರು ಆಚಿಗೆ ಓಗಾಕಿಲ್ಲ ಅಂತ ಬಾಸೆ ಕೊಡು," ಅಂದಿದ್ದಳು. ಪಾತ್ರೆ ತಿಕ್ಕಿ ತಿಕ್ಕಿ ಗೆರೆಯೇ ಸವೆದುಹೋಗಿದ್ದ ಆ ಅಂಗೈ ಮೇಲೆ ಗೌರೀಶ ಅಂಗೈ ಇಟ್ಟು ಭಾಷೆ ಕೊಟ್ಟಿದ್ದ. ಆಗ ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ. ಬುದ್ಧಿಯೂ ಇರಲಿಲ್ಲ ಅನ್ನಬೇಕು.

ಹತ್ತು ಗಂಟೆಗೆ ಗೌರೀಶ ಹುಣಸೂರಿನ ಬಸ್ಸು ಹತ್ತಿದ. ಬಸ್ಸಿನಲ್ಲಿ ಅವರೆಕಾಯಿ ಮೂಟೆಗಳ ವಾಸನೆ. ಎಚ್.ಡಿ. ಕೋಟೆಯ ಮಷೀನು ನೋಡಿಕೊಳ್ಳುವವನು ಫೋನು ಎತ್ತಲಿಲ್ಲ. ಕೆ.ಆರ್. ನಗರದವನು ಎತ್ತಿ, "ಸೋಮಣ್ಣೋರ್ ಒಂದ್ ಮಾತು ಹೇಳ್ಲಿ ಸಾರ್, ಅಳಿಸ್ತೀನಿ," ಅಂದ. ಸೋಮಶೇಖರನಿಗೆ ಮೂರು ಸಲ ಮಾಡಿದ, ಮೂರು ಸಲವೂ ಬೇರೆ ಕರೆಯಲ್ಲಿದ್ದಾರೆ ಎಂದು ಹೆಣ್ಣು ದನಿ ಹೇಳಿತು. ಪಿರಿಯಾಪಟ್ಟಣ ದಾಟಿ ತಂಬಾಕಿನ ಹರಾಜು ಕಟ್ಟೆಯ ಹತ್ತಿರ ಲಾರಿಗಳ ಸಾಲಿನ ಹಿಂದೆ ಬಸ್ಸು ನಿಂತಾಗ, ಪಕ್ಷದ ವಾಟ್ಸಾಪ್ ಗುಂಪಿಗೆ ಹಿಂದಿನ ಸಂಜೆ ತೆಗೆದ ಒಂದು ಫೋಟೋ ಬಂತು. ಮೈಸೂರಿನ ಯಾವುದೋ ಹೋಟೆಲಿನ ಸಭಾಂಗಣ. ಸೋಮಶೇಖರನ ಹೆಗಲಿಗೆ ಹೊಸ ಶಾಲು ಬಿದ್ದಿತ್ತು. ಅದು ದೊಡ್ಡ ಪಕ್ಷಗಳಲ್ಲೊಂದರ ಶಾಲು. ಯಾವುದೆಂದು ಹೇಳಿ ಉಪಯೋಗವಿಲ್ಲ, ಯಾವುದಾಗಿದ್ದರೂ ಮುಂದಿನ ಕಥೆ ಇದೇ ಆಗುತ್ತಿತ್ತು. ಶಾಲು ಹೊದಿಸುವವರ ಹಿಂದೆ, ಎರಡನೇ ಸಾಲಿನಲ್ಲಿ, ಬಿಳಿ ಶರ್ಟಿನ ಚೇತನ್ಕುಮಾರ್ ಹಲ್ಲು ಕಿರಿದು ನಿಂತಿದ್ದ. ಗೌರೀಶ ನೋಡುತ್ತಿದ್ದಂತೆಯೇ ಗುಂಪಿನಿಂದ ಒಬ್ಬೊಬ್ಬರೇ ಹೊರಹೋದ ಸೂಚನೆಗಳು ಬರತೊಡಗಿದವು. ಕೆ.ಆರ್. ನಗರದವನು ಐದನೆಯವನು.

ಹುಣಸೂರಿನಲ್ಲಿ ಪಕ್ಷದ ಆಫೀಸು ಒಂದು ಟೈಲರ್ ಅಂಗಡಿಯ ಮಹಡಿಯ ಮೇಲಿತ್ತು. ಹೊಸಸಾಲು ಎಂದು ಬರೆದಿದ್ದ ಬೋರ್ಡನ್ನು ಆಗಲೇ ಇಳಿಸಿದ್ದರು. ಕೆಳಗಿನ ಟೈಲರ್ ಅದನ್ನು ಬಿಸಿಲಿಗೆ ಅಡ್ಡವಾಗಿ ಇಟ್ಟುಕೊಂಡು ಗುಂಡಿ ಹೊಲಿಯುತ್ತಿದ್ದ. ಮೇಲೆ ಸೋಮಶೇಖರ್ ಒಬ್ಬನೇ ಕುಳಿತು ಕಾಗದ ಹರಿಯುತ್ತಿದ್ದ.

"ಬಾ ಗೌರೀಶ. ನೀನು ಬಂದೇ ಬತ್ತೀಯ ಅಂತ ಗೊತ್ತಿತ್ತು. ಕೂತ್ಕೋ, ಕಾಫಿ ತರಿಸ್ತೀನಿ."

"ಪಟ್ಟಿ ಯಾರಿಗೆ ಕೊಟ್ರಿ ಸೋಮಣ್ಣ?"

ಸೋಮಶೇಖರ್ ಹರಿಯುವುದನ್ನು ನಿಲ್ಲಿಸಲಿಲ್ಲ. "ನಾಲ್ಕು ವರ್ಷ ಕಣೋ. ಜಿಲ್ಲಾ ಪಂಚಾಯ್ತಿ ಎಲೆಕ್ಷನ್ ಇವತ್ತು ಮಾಡ್ತಾರೆ, ನಾಳೆ ಮಾಡ್ತಾರೆ ಅಂತ ಕಾದೂ ಕಾದೂ ನನ್ನ ತಲೆ ನೋಡು, ಪೂರ್ತಿ ಬೆಳ್ಳಗಾಯ್ತು. ನಡೆಯದೇ ಇರೋ ಎಲೆಕ್ಷನ್‌ಗೆ ಎಷ್ಟು ದಿನ ಪೋಸ್ಟರ್ ಅಂಟಿಸೋದು? ಒಳಗೆ ಹೋಗಿ ಬದಲಾಯಿಸೋಣ ಅಂತ ತೀರ್ಮಾನ ಮಾಡ್ದೆ. ನಿನಗೂ ಜಾಗ ಇದೆ. ಐಟಿ ವಿಭಾಗ ಪೂರ್ತಿ ನಿನ್ನದೇ ಅಂತ ಹೇಳಿಸಿದ್ದೀನಿ."

"ಪಟ್ಟಿ ಯಾರಿಗೆ ಕೊಟ್ರಿ?"

"ಅವರು ಕೇಳಿದ್ರು. ಮದುವೆ ಮನೆಗೆ ಮುಯ್ಯಿ ಇಲ್ದೆ ಬರೀ ಕೈಲಿ ಹೋಗಕ್ಕಾಗುತ್ತಾ? ನಾನು ಫೋನ್ ನಂಬರ್ ಅಷ್ಟೇ ಕೊಡೋಣ ಅಂತಿದ್ದೆ. ಅವರ ಹುಡುಗರು ಬಂದು ಮಷೀನ್ ಮುಂದೆ ಕೂತು ನೋಡಿ, ಪೂರ್ತಿ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಹೋದ್ರು."

ಗೌರೀಶ ಮೂಲೆಯ ಮಷೀನಿನ ಬಟನ್ ಒತ್ತಿದ. ಅವನು ಹಾಕಿದ್ದ ಪರದೆ ಬರಲಿಲ್ಲ. ವಿಂಡೋಸಿನ ಮಾಮೂಲಿ ನೀಲಿ ಕಿಟಕಿ ಬಂತು, ಅದರ ಹಿಂದೆಯೇ ಒಬ್ಬ ನಾಯಕರ ಕೈಮುಗಿದ ಚಿತ್ರ. ಅವನ ಲಿನಕ್ಸನ್ನೂ ಅದರೊಳಗಿದ್ದ ಎಲ್ಲವನ್ನೂ ಒರೆಸಿಹಾಕಿದ್ದರು. ಅಳಿಸಲು ಬಂದವನಿಗೆ ಅಳಿಸುವುದಕ್ಕೆ ಏನೂ ಉಳಿದಿರಲಿಲ್ಲ.

"ಚೇತನ್ಕುಮಾರ್ ಮೇಲೆ ಹೇಳಿದ ಹೆಂಗಸು ಅದರಲ್ಲಿದ್ದಾಳೆ ಸೋಮಣ್ಣ. ಅಡುಗೆ ಮಾಡಿ ಬದುಕೋಳು. ನಿನ್ನೆಯೇ ಹೋಗಿ ಹೆದರಿಸಿದ್ದಾನೆ."

"ನಾನು ಅವನಿಗೆ ಒಂದು ಮಾತು ಹೇಳ್ತೀನಿ ಬುಡು." ಸೋಮಶೇಖರ್ ಈಗ ಮುಖ ಎತ್ತಿದ. ಅವನ ಮುಖದಲ್ಲಿ ನಾಚಿಕೆ ಇರಲಿಲ್ಲವೆಂದರೆ ಅನ್ಯಾಯವಾಗುತ್ತದೆ. ಇತ್ತು, ಆದರೆ ಅದು ಸಿಟ್ಟಾಗಿ ಹೊರಬಂತು. "ಒಂದು ಬೀಗ ಹಾಕಿದ್ರೆ ನಾನು ನಿನ್ನ ಕೇಳಬೇಕಾಗ್ತಿತ್ತು ಕಣೋ. ಕೇಳಿದ್ರೆ ನೀನು ಕೊಡ್ತಿರಲಿಲ್ಲ. ನಾನೂ ಅಷ್ಟಕ್ಕೇ ಸುಮ್ನಾಗ್ತಿದ್ದೆ. ನೀನು ಹಾಕ್ಲಿಲ್ಲ."

ಗೌರೀಶ ಮೆಟ್ಟಿಲು ಇಳಿದ. ಕಾಫಿ ತಂದ ಹೋಟೆಲಿನವನು ಎದುರಾಗಿ, ಒಂದು ಲೋಟ ಕೊಡಲೇ ಅಣ್ಣ ಎಂದು ಕೇಳಿದ. ಗೌರೀಶ ಅವನನ್ನು ಬಳಸಿಕೊಂಡು ಬಸ್ ನಿಲ್ದಾಣದ ಕಡೆ ನಡೆದ.

ನಾಲ್ಕನೆಯ ದಿನ ಮರಮ್ಮನನ್ನು ಕೆಲಸದಿಂದ ಬಿಡಿಸಿದರು. ಅಡುಗೆಮನೆ ಶುಚಿಯಾಗಿಲ್ಲ, ಅಕ್ಕಿಯಲ್ಲಿ ಹುಳು ಕಂಡಿದೆ ಎಂದು ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಬರೆದಿದ್ದರು. ಹದಿನಾಲ್ಕು ವರ್ಷ ಅವಳು ಆರಿಸಿದ ಅಕ್ಕಿಯಲ್ಲಿ ಕಲ್ಲು ಸಿಕ್ಕಿದ್ದು ಕೂಡ ಯಾರಿಗೂ ನೆನಪಿರಲಿಲ್ಲ. ಗಂಡ ತೀರಿಹೋದ ಮೇಲೆ ಮೊಮ್ಮಗಳನ್ನು ತಂದಿಟ್ಟುಕೊಂಡು ಸಾಕುತ್ತಿದ್ದುದು ಆ ಒಲೆಯ ದೆಸೆಯಿಂದಲೇ. ಆ ಮಗುವೂ ಅದೇ ಶಾಲೆಯಲ್ಲಿ ಮೂರನೇ ತರಗತಿ ಓದುತ್ತಿದ್ದಳು, ಅಜ್ಜಿ ಬಡಿಸುವ ಸಾಲಿನಲ್ಲೇ ತಟ್ಟೆ ಹಿಡಿಯುತ್ತಿದ್ದಳು.

ಮರಮ್ಮ ಅಂಗಡಿಗೆ ಬಂದು ಜಗಳ ಮಾಡಿದ್ದರೆ ಗೌರೀಶನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬಂದು ಮೆಟ್ಟಿಲ ಮೇಲೆ ಕುಳಿತಳು, ಅಷ್ಟೇ. ಗಿರಾಕಿಗಳು ಬಂದರು, ಹೋದರು. ಮಧ್ಯಾಹ್ನವಾದಾಗ ಅಭ್ಯಾಸಬಲವೋ ಏನೋ ಎದ್ದು ನಿಂತು, "ಗಂಟೆ ಒಡೆಯೋ ಒತ್ತು," ಅಂದು ಮತ್ತೆ ಕುಳಿತಳು. ಪುಷ್ಪಾ ತಟ್ಟೆಯಲ್ಲಿ ಅನ್ನ ಹಾಕಿಕೊಟ್ಟರೆ, "ಉಣ್ಣಾಕೆ ಬಂದಿಲ್ಲ ಕಣವ್ವ," ಅಂದಳು. ಸಂಜೆ ಹೋಗುವ ಮುಂಚೆ ಗೌರೀಶನಿಗೆ ಇಷ್ಟು ಮಾತ್ರ ಹೇಳಿದಳು: "ನಾನ್ ಯೋಳಿದ್ದು ಸುಳ್ಳಲ್ಲ ಗೌರೀಸಪ್ಪ. ಆದ್ರೆ ನಿಜ ಇಟ್ಕಂಡು ನಾನೇನ್ ಮಾಡ್ಲಿ?"

ಅವನು ಸೋಮಶೇಖರನಿಗೆ ಫೋನು ಮಾಡಿದ. ಬೇಡಿಕೊಂಡ ಎನ್ನುವುದೇ ಸರಿ. ಎರಡು ದಿನ ಬಿಟ್ಟು ಉತ್ತರ ಬಂತು, ಅದೂ ನಯವಾದ ಉತ್ತರ. ಮರಮ್ಮನ ಮೇಲೆ ಯಾರಿಗೂ ದ್ವೇಷವಿಲ್ಲ. ಅವಳು ಹೇಳಿಯೇ ಇಲ್ಲವೆಂದಾದರೆ ನಾಳೆಯೇ ಒಲೆ ಹಚ್ಚಬಹುದು. ಆ ಪಟ್ಟಿಯಲ್ಲಿರುವುದೆಲ್ಲ ಗೌರೀಶನೇ ಕೂತು ಕಟ್ಟಿದ್ದು ಎಂದು ಅವನು ಬರೆದುಕೊಡಬೇಕು. ಮರಮ್ಮನ ಒಂದು ಸಾಲಲ್ಲ, ಪೂರ್ತಿ ಪಟ್ಟಿ.

ಅವತ್ತು ಸಂಜೆ ಅಂಗಡಿಯ ಶಟರ್ ಅರ್ಧ ಎಳೆದು ಗಂಡ ಹೆಂಡತಿ ಕುಳಿತಿದ್ದರು. ಗೌರೀಶ ಬಹಳ ಹೊತ್ತು ತನಗೆ ತಾನೇ ಮಾತಾಡಿಕೊಂಡ. ಬರೆದುಕೊಟ್ಟರೆ ಬಾಂದುಕಲ್ಲಿನವನ ದೂರು ಸುಳ್ಳಾಗುತ್ತದೆ, ಪಿಂಚಣಿಯವರದು ಸುಳ್ಳಾಗುತ್ತದೆ, ನಾಳೆ ಅವರು ಯಾವ ಕಚೇರಿಗೆ ಹೋದರೂ ಈ ಕಾಗದ ತೋರಿಸಿ ಹೊರಗೆ ಕಳಿಸುತ್ತಾರೆ. ನಾಲ್ಕು ವರ್ಷದ ಭಾನುವಾರಗಳು ಮಣ್ಣುಪಾಲಾಗುತ್ತವೆ. ಬರೆದುಕೊಡದಿದ್ದರೆ ಒಂದು ಒಲೆ ಆರುತ್ತದೆ.

"ನೀನೇನಂತೀಯ ಪುಷ್ಪಾ?"

ಪುಷ್ಪಾ ಲಗ್ನಪತ್ರಿಕೆಗಳನ್ನು ಮಡಚುತ್ತಾ ಕುಳಿತಿದ್ದಳು. ನಾನು ಮೊದಲೇ ಹೇಳಿದ್ದೆ ಎಂದು ಅವಳು ಒಂದು ಸಲವೂ ಎತ್ತಿ ಆಡಿರಲಿಲ್ಲ, ಈಗಲೂ ಆಡಲಿಲ್ಲ. "ಅವಳ ಹೆಸರು ನೀವು ಬರೆದ್ರಿ. ಈಗ ನಿಮ್ಮ ಹೆಸರು ಬರೀರಿ," ಅಂದಳು.

ಮಾರನೆಯ ಬೆಳಿಗ್ಗೆ ಚೇತನ್ಕುಮಾರ್ ಅಂಗಡಿಗೆ ತಾನೇ ಬಂದ. ನಲವತ್ತರ ಒಳಗಿನವನು, ಇಸ್ತ್ರಿ ಮಾಡಿದ ಬಿಳಿ ಶರ್ಟು, ಮಾತು ಮೆತ್ತಗೆ. ಗೌರೀಶ ತನ್ನ ಲಿನಕ್ಸ್ ಮಷೀನಿನಲ್ಲೇ ಕಾಗದ ಟೈಪು ಮಾಡಿ ಇಟ್ಟಿದ್ದ. ಚೇತನ್ಕುಮಾರ್ ಪರದೆಯ ಮೇಲೆ ಬೆರಳಿಟ್ಟು ಪದ ಪದವಾಗಿ ಓದಿದ.

"ಇಲ್ಲಿ 'ತಪ್ಪು ಮಾಹಿತಿ' ಅಂತ ಹಾಕಿದ್ದೀರಲ್ಲ ಗೌರೀಶಣ್ಣ, ಅದು ಬ್ಯಾಡ. 'ಸುಳ್ಳು' ಅಂತ್ಲೇ ಹಾಕಿ. ಜನಕ್ಕೆ ಅರ್ಥ ಆಗ್ಬೇಕಲ್ವಾ."

ಗೌರೀಶ ತಿದ್ದಿದ. ಪ್ರಿಂಟರು ಒಮ್ಮೆ ಕಾಗದ ಹಿಡಿದುಕೊಂಡು ನಿಂತಿತು. ಪುಷ್ಪಾ ಬಂದು ಮುಚ್ಚಳ ತೆಗೆದು, ಹಾಳೆ ಸರಿಮಾಡಿ ಒಳಗೆ ಹೋದಳು. ಸಹಿಯಾದ ಮೇಲೆ ಚೇತನ್ಕುಮಾರ್ ಫೋನು ತೆಗೆದು, ಅದನ್ನೇ ಒಂದು ಸಲ ಗಟ್ಟಿಯಾಗಿ ಓದಿಬಿಡಿ, ವಿಡಿಯೋ ಇದ್ದರೆ ಒಳ್ಳೆಯದು ಎಂದ. ಅದು ಮೊದಲಿನ ಮಾತಿನಲ್ಲಿರಲಿಲ್ಲ. ಗೌರೀಶ ಬಾಗಿಲ ಕಡೆ ನೋಡಿದ. ಮೆಟ್ಟಿಲ ಮೇಲೆ ಮರಮ್ಮ ಬೆನ್ನು ಹಾಕಿ ಕುಳಿತಿದ್ದಳು. ಅವನು ಓದಿದ. "ಊರ ಮಾತು ಎಂಬ ಹೆಸರಿನಲ್ಲಿರುವ ಎಲ್ಲ ದೂರುಗಳೂ ನಾನೇ ಕಟ್ಟಿದ ಸುಳ್ಳು. ಅದರಲ್ಲಿರುವ ಯಾರೂ ನನ್ನ ಬಳಿ ಏನನ್ನೂ ಹೇಳಿರುವುದಿಲ್ಲ." ಹೇಳಿರುವುದಿಲ್ಲ ಎನ್ನುವಾಗ ತಡವರಿಸಿದ. ಚೇತನ್ಕುಮಾರ್ ತಾಳ್ಮೆಯಿಂದ ಇನ್ನೊಮ್ಮೆ ಓದಿಸಿದ.

ಮರಮ್ಮ ಮರುದಿನವೇ ಒಲೆ ಹಚ್ಚಿದಳು.

ವಿಡಿಯೋ ಸಹಿ ಹಾಕಿದ ದಿನವೇ ಮಧ್ಯಾಹ್ನದೊಳಗೆ ನಾಲ್ಕು ತಾಲ್ಲೂಕು ಸುತ್ತಿ ಬಂದಿತ್ತು. ಫೋನುಗಳು ಶುರುವಾದವು. ಕೆಲವರು ಬೈದರು, ಬೈಗುಳವನ್ನು ಹೇಗೋ ತಡೆದುಕೊಳ್ಳಬಹುದು. ಕಟ್ಟೆಮಳಲವಾಡಿಯ ಸಿದ್ದಯ್ಯ, ಬಾಂದುಕಲ್ಲು ಕಳೆದುಕೊಂಡ ಮುದುಕ, ಬೈಯಲಿಲ್ಲ. "ನನ್ ಬಾಯಿಂದ ಕೇಳ್ಕಂಡ್ ಬರ್ದಲ್ಲಪ್ಪ ನೀನು. ನಮ್ ಮನೇಲಿ ಮಜ್ಜಿಗೆ ಕುಡ್ಕಂಡು ಬರ್ದೆ. ನಾನು ಯೋಳೇ ಇಲ್ವಾ?" ಅಂದ. ಆ ಕಡೆ ಮುದುಕ ಸ್ವಲ್ಪ ಹೊತ್ತು ಕಾದು, "ಆಯ್ತು ಬುಡು," ಎಂದು ಇಟ್ಟುಬಿಟ್ಟ. ಅವತ್ತು ಗೌರೀಶ ಅತ್ತ. ಕಟಿಂಗ್ ಶಾಪಿನವನು ನೋಡಿದರೆ ನೋಡಲಿ ಎಂದು ಕುರ್ಚಿಯಲ್ಲಿ ಕುಳಿತೇ ಅತ್ತ.

ಫೆಬ್ರವರಿಯಲ್ಲಿ ಗೊಬ್ಬಳಿಕೊಪ್ಪಲಿನ ಹೆಡ್ ಮಾಸ್ಟರು ಫೋನು ಮಾಡಿದರು. ಶಾಲೆಯ ಕಂಪ್ಯೂಟರಿಗೆ ಎರಡು ವರ್ಷದ ಹಿಂದೆ ಗೌರೀಶನೇ ಬಿಟ್ಟಿಯಾಗಿ ಲಿನಕ್ಸ್ ಹಾಕಿಕೊಟ್ಟಿದ್ದ. ಮಕ್ಕಳು ಅದರಲ್ಲಿ ಚಿತ್ರ ಬರೆಯುವುದನ್ನು ಕಲಿತಿದ್ದರು. "ಅದನ್ನ ತೆಗೆದು ಮಾಮೂಲಿದು ಹಾಕಿಕೊಡಿ ಸಾರ್. ಏನೂ ತೊಂದ್ರೆ ಇಲ್ಲ ಅದರಲ್ಲಿ, ಆದ್ರೆ ಕಮಿಟಿಯವರು ಹೇಳ್ತಿದಾರೆ," ಎಂದರು. ಬೇರೆ ಯಾರನ್ನಾದರೂ ಕರೆಯಿರಿ ಎನ್ನಬಹುದಿತ್ತು. ಗೌರೀಶ ಹೋದ. ತಾನು ಹಾಕಿದ್ದನ್ನು ತಾನೇ ತೆಗೆಯುವುದು ವಾಸಿ ಅನ್ನಿಸಿತೋ, ಮರಮ್ಮನನ್ನು ಒಮ್ಮೆ ಒಲೆಯ ಮುಂದೆ ಕಣ್ಣಾರೆ ನೋಡಬೇಕು ಅನ್ನಿಸಿತೋ, ಎರಡೂ ಇದ್ದೀತು.

ಮಕ್ಕಳು ಬರೆದ ಚಿತ್ರಗಳನ್ನು ಪೆನ್‌ಡ್ರೈವಿಗೆ ತೆಗೆದಿಟ್ಟುಕೊಂಡು ಉಳಿದದ್ದನ್ನೆಲ್ಲ ಅಳಿಸಿದ. ಹೊಸದು ಇಳಿಯುತ್ತಿದ್ದಾಗ ಊಟದ ಗಂಟೆ ಹೊಡೆಯಿತು. ಕಿಟಕಿಯಾಚೆ ಮಕ್ಕಳ ಸಾಲು. ಮರಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡು ಸೌಟು ಹಿಡಿದು ಬಡಿಸುತ್ತಿದ್ದಳು. ಮೊಮ್ಮಗಳ ತಟ್ಟೆಗೆ ಬಿದ್ದ ಸಾರು ಅನ್ನದ ಮೇಲೆ ನಿಲ್ಲದೆ ತಟ್ಟೆಯ ಅಂಚಿಗೆ ಓಡಿತು. ಮಗು ತಟ್ಟೆಯನ್ನು ವಾಲಿಸಿ ಅದನ್ನು ಒಂದು ಕಡೆ ಸೇರಿಸಿಕೊಂಡಿತು. ಅವನಿಗೂ ಒಂದು ತಟ್ಟೆ ಕಳಿಸಿದ್ದರು. ಉಂಡ. ಉಪ್ಪು ಖಾರ ಎಲ್ಲ ಸರಿಯಾಗಿತ್ತು, ಬೇಳೆಯೊಂದನ್ನು ಮಾತ್ರ ಹುಡುಕಬೇಕಿತ್ತು.

ಕೆಲಸ ಮುಗಿಸಿ ಬೈಕು ಹತ್ತುವಾಗ ಮೂರು ಗಂಟೆ. ಊರೊಳಗಿನ ರಸ್ತೆಯ ಮೇಲೆ ಒಣಹಾಕಿದ್ದ ರಾಗಿ ಹುಲ್ಲನ್ನು ಬಳಸಿಕೊಂಡು ನಿಧಾನವಾಗಿ ಬರುತ್ತಿದ್ದ. ಮುಂದೆ ಒಬ್ಬ ಹೆಂಗಸು ನಡೆದು ಹೋಗುತ್ತಿದ್ದಳು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಐದು ಲೀಟರಿನ ಎಣ್ಣೆ ಡಬ್ಬ. ಡಬ್ಬ ಭಾರಕ್ಕೆ ಒಂದು ಭುಜ ಇಳಿದಿತ್ತು. ಮರಮ್ಮನ ಮನೆ ಶಾಲೆಯ ಹಿಂದೆ. ಈ ರಸ್ತೆಯ ಕೊನೆಯಲ್ಲಿದ್ದದ್ದು ಚೇತನ್ಕುಮಾರನ ಹೊಸ ತಾರಸಿ ಮನೆ.

ಬೈಕಿನ ಸದ್ದಿಗೆ ಅವಳು ತಿರುಗಿ ನೋಡಿದಳು. ಗೌರೀಶ ಕಾಲು ಊರಿ ನಿಲ್ಲಿಸಿದ. ಕೇಳುವುದಕ್ಕೆ ಏನೂ ತೋಚದೆ, "ಊಟ ಆಯ್ತಾ ಮರಮ್ಮ?" ಅಂದ.

"ಆಯ್ತು ಕಣಪ್ಪ. ಈಗ ಬೈಕಲ್ಲಿ ಬರಾಕಿಲ್ಲ ಅವ್ರು. ನೀನೇ ತಂದ್ಕೊಡು ಅಂದವ್ರೆ." ಬೇರೆ ಯಾರದೋ ಸಮಾಚಾರ ಹೇಳುವಂತೆ ಹೇಳಿದಳು. ಆಮೇಲೆ ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಬರ್ಕಬ್ಯಾಡ," ಅಂದಳು.

ಬೈಕು ಹೋಗಲೆಂದು ರಸ್ತೆಯ ಅಂಚಿಗೆ ಸರಿದು ನಿಂತು, ಸೆರಗನ್ನು ಎಳೆದು ಡಬ್ಬದ ಮೇಲೆ ಹೊದಿಸಿದಳು. ಸೆರಗು ಸಾಲಲಿಲ್ಲ. ಹಳದಿ ಮುಚ್ಚಳ ಹೊರಗೇ ಉಳಿಯಿತು.